ತೆಂಗಿನ ಕರಟದ ಗಿಟಾರ್ ಪಿಕ್: ತಂತಿಗೆ ಹಾನಿಯಾದೀತೇ?

ಪ್ರಶ್ನೆ (ದಾವಣಗೆರೆ): ಗಿಟಾರಿನ ತಂತಿ ಮೀಟುವ ಪ್ಲಾಸ್ಟಿಕ್ ಪಿಕ್‌ನ ಸದ್ದು ತೀರ ತೆಳುವೆನಿಸಿದ್ದರಿಂದ, ಕಾಯಿ ತುರಿದ ಮೇಲೆ ಉಳಿದ ಕರಟದ ಚೂರೊಂದನ್ನು ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ, ಸುಮಾರು 3 ಮಿ.ಮೀ. ದಪ್ಪದ ಪಿಕ್ ಮಾಡಿಕೊಂಡಿದ್ದೇನೆ. ನಾದ ದುಂಡಗೆ ಬರುತ್ತದೆ. ಆದರೆ ವೇಗವಾಗಿ ನುಡಿಸುವಾಗ ತುದಿ ಸಿಕ್ಕಿಕೊಂಡು ಕರಕರ ಎನ್ನುತ್ತದೆ. ಉಕ್ಕಿನ ತಂತಿ ಇದರಿಂದ ಹಾಳಾದೀತೇ?

ಉತ್ತರ (ಚಿತ್ರದುರ್ಗ): ಕರಟವು ಉಕ್ಕಿಗಿಂತ ಮೃದುವಾದ್ದರಿಂದ ಸವೆಯುವುದು ಪಿಕ್ಕೇ ಹೊರತು ತಂತಿಯಲ್ಲ. ಸರೋದ್ ಎಂಬ ತಂತಿವಾದ್ಯ ನುಡಿಸುವವರ ‘ಜವಾ’ (ಅವರ ಪಿಕ್) ಕೂಡ ಸಾಮಾನ್ಯವಾಗಿ ಕರಟದಿಂದಲೇ ಆಗುತ್ತದೆ. ತಾವು ತುದಿಯ ಅಂಚನ್ನು ಎರಡೂ ಬದಿಯಿಂದ ಓರೆಯಾಗಿ ತೆಳುಗೊಳಿಸಿ, ಮೊದಲು 600, ಬಳಿಕ 1000 ನಂಬರಿನ ಪೇಪರ್‌ನಲ್ಲಿ ಉಜ್ಜಿ, ಕೊನೆಗೆ ಹಳೆಯ ಜೀನ್ಸ್ ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿರಿ. ಉಗುರಿನಿಂದ ಸವರಿದರೆ ಎಲ್ಲಿಯೂ ತಡೆಯಬಾರದು.

ಇನ್ನೊಂದು ಉತ್ತರ: ಕರಟವೇ ವಾಸಿ. ಬ್ರಿಟನ್ನಿನ ಕ್ವೀನ್ ರಾಕ್ ತಂಡದ ಗಿಟಾರ್ ವಾದಕ ಬ್ರಯಾನ್ ಮೇ ಅಲ್ಲಿನ ಹಳೆಯ ಆರು ಪೆನ್ಸ್ ನಾಣ್ಯದಿಂದ ನುಡಿಸುತ್ತಾರೆಂದು ಓದಿ, ನಾನು ಸ್ಟೀಲಿನ ಒಂದು ರೂಪಾಯಿ ನಾಣ್ಯ ಹಿಡಿದೆ. ಅವರದು ಸ್ಟೀಲಿಗಿಂತ ಮೃದುವಾದ ತಾಮ್ರ–ನಿಕಲ್ ಮಿಶ್ರಲೋಹವೆಂಬುದು ಹೊಳೆದದ್ದು, ಹದಿನೈದೇ ದಿನಕ್ಕೆ ಮೊದಲ ತಂತಿ ಪಟ್ಟೆಂದು ಹರಿದ ಮೇಲೆ!

ಪ್ರಶ್ನಿಸಿದವರು: ಓರೆ ಮಾಡಿದೆ, ಕರಕರ ಬಹುಪಾಲು ನಿಂತಿದೆ. ಎಣ್ಣೆ ಮಾತ್ರ ಹೆಚ್ಚಾಗಿ, ಪಿಕ್ ಎರಡು ಸಲ ಗಿಟಾರಿನೊಳಗೇ ಬಿತ್ತು.