ಆಟಿಯ ಊಟಕ್ಕೆ ಮೊದಲು ನಮ್ಮ ತೋಡಿನ ವಿಷಯ

ತೋಡಿನ ಬದಿ ಮನೆ
ಜುಲೈ 20, ಭಾನುವಾರ, ಬೆಳಿಗ್ಗೆ 7.10

ನಮ್ಮ ಬಡಾವಣೆಯ ಗ್ರೂಪಿನ ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಮೂರೂವರೆಗೆ ನಮ್ಮ ಅಂಗಳಕ್ಕೆ ನೀರು ಬಂತು. ಮಳೆ ಜೋರಿತ್ತು, ಸರಿ. ಆದರೆ ಇಪ್ಪತ್ತು ವರ್ಷದಿಂದ ಈ ತೋಡಿನ (ಮಳೆನೀರು ಹರಿಯುವ ಹಳ್ಳದ) ಸದ್ದು ಕೇಳುತ್ತಲೇ ಮಲಗುವವಳು ನಾನು. ಹರಿಯುವ ನೀರಿನ ಸದ್ದು ಬೇರೆ, ಕಟ್ಟಿ ನಿಂತ ನೀರಿನ ಸದ್ದು ಬೇರೆ. ಟಾರ್ಚ್ ಹಿಡಿದು ಹೋಗಿ ನೋಡಿದರೆ ಮೋರಿಯ ಬಾಯಿ ಮುಚ್ಚಿಹೋಗಿದೆ. ಯಜಮಾನರು ಮಾವಿನಕಾಯಿ ಕೊಯ್ಯುವ ದೋಟಿ ಹಾಕಿ ಎಳೆದರು.

ಬಂದದ್ದು ಎಂತ ಅಂತ ಹೇಳ್ತೇನೆ. ಬೊಂಡದ (ಎಳನೀರಿನ) ಚಿಪ್ಪು, ಒಂದು ತಲೆದಿಂಬು, ಮಕ್ಕಳ ಡೈಪರಿನ ಕಟ್ಟು. ಮತ್ತೆ ಬಾಯಿ ಬಿಗಿದು ಕಟ್ಟಿದ ದೊಡ್ಡ ಕಪ್ಪು ಚೀಲ. ಅದನ್ನು ಬಿಚ್ಚಿದೆ. ಒಂದರೊಳಗೊಂದು ಸೇರಿಸಿಟ್ಟ ಪೇಪರ್ ಲೋಟಗಳು. ಹೊರಗಿನ ಕಾಗದ ಕೊಳೆತು ಕೈಗೆ ಮುದ್ದೆಯಾಗಿ ಬರ್ತದೆ, ಒಳಗಿನ ತೆಳು ಪ್ಲಾಸ್ಟಿಕ್ ಪರೆ ಮಾತ್ರ ಲೋಟದ ಆಕಾರದಲ್ಲೇ ಗಟ್ಟಿ ಉಂಟು. ಕಾಗದದ್ದು, ಕರಗ್ತದೆ ಅಂತ ನಾವೆಲ್ಲ ನಂಬಿದ ಲೋಟ ಅದು.

ಯಾರ ಮನೆಯದ್ದು ಅಂತ ಹುಡುಕಲಿಕ್ಕೆ ನಾನಿಲ್ಲ. ಆಗಸ್ಟ್ 3ಕ್ಕೆ ನಮ್ಮ ಬಡಾವಣೆಯ ಆಟಿಡೊಂಜಿ ದಿನ, ತುಳುವರ ಆಟಿ ತಿಂಗಳಿನ ಊಟದ ಕೂಟ. ಕಳೆದ ವರ್ಷ ಊಟ ಮುಗಿದ ಮೇಲೆ ಹೀಗೇ ನಾಲ್ಕು ಚೀಲ ಕಟ್ಟಿದ್ದು ನಾವೇ. ಈ ಸಲ ಬಿಸಾಡುವ ಒಂದು ಸಾಮಾನೂ ಬೇಡ. ಅದಕ್ಕಿಂತ ಮೊದಲು, ಬರುವ ಭಾನುವಾರ 27ಕ್ಕೆ, ಮೋರಿಯಿಂದ ಅಶ್ವತ್ಥಕಟ್ಟೆಯವರೆಗೆ ತೋಡನ್ನು ಚೊಕ್ಕ ಮಾಡುವ. ಯಾರೆಲ್ಲ ಬರ್ತೀರಿ?

ಫ್ಲ್ಯಾಟ್, ಮೂರನೇ ಮಹಡಿ
7.48

ಅಕ್ಕ, ನಿಮ್ಮ ಅಂಗಳಕ್ಕೆ ನೀರು ಬಂದದ್ದು ಕೇಳಿ ಬೇಜಾರಾಯ್ತು. ಆದರೆ ಒಂದು ಮಾತು ಹೇಳಲೇಬೇಕು. ತೋಡು ಕಟ್ಟಿತು ಅಂದಕೂಡಲೇ ಎಲ್ಲರ ಕಣ್ಣೂ ಫ್ಲ್ಯಾಟಿನ ಮೇಲೆ. ನಿಮಗೆ ಹಿತ್ತಿಲು ಉಂಟು, ಮೀನಿನ ತಲೆ, ಕರುಳು ಎಲ್ಲ ತೆಂಗಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚಿದರೆ ಮುಗೀತು. ನಮಗೆ ಇರುವುದು ಮೂರಡಿ ಬಾಲ್ಕನಿ. ಬೆಳಿಗ್ಗೆ ಕಸದ ಗಾಡಿ ಬರುವಾಗ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೊರಟಾಗಿರ್ತದೆ. ನಾನು ತೋಡಿಗೆ ಹಾಕಿದವಳಲ್ಲ. ಆದರೆ ಹಾಕಿದವರ ಕಷ್ಟ ಎಂತದ್ದು ಅಂತ ನನಗೆ ಗೊತ್ತುಂಟು.

ತೋಡಿನ ಬದಿ ಮನೆ
7.55

ನೀವು ಹೇಳಿದ್ದು ಸರಿ ತಂಗಿ. ಅದನ್ನು ನಾನು ಯೋಚನೆ ಮಾಡಿರಲಿಲ್ಲ.

ನಿವೃತ್ತ ಮಾಸ್ಟ್ರು, ಎರಡನೇ ಅಡ್ಡರಸ್ತೆ
8.30

ಮಂಗಳೂರಿನ ಕೊಟ್ಟಾರದ ಈ ತಗ್ಗಿನಲ್ಲಿ ಮನೆ ಕಟ್ಟಿದವರು ನಾವು. ಮೇಲಿನ ಗುಡ್ಡಗಳ ನೀರೆಲ್ಲ ಇಳಿಯುವುದು ಇಲ್ಲಿಗೇ. ಈ ತೋಡು ಕೊನೆಗೆ ಸೇರುವುದು ಫಲ್ಗುಣಿ ಹೊಳೆಗೆ. ಫಲ್ಗುಣಿ ಹೋಗಿ ಬೆಂಗ್ರೆಯ ಅಳಿವೆಯಲ್ಲಿ ನೇತ್ರಾವತಿಯ ಜೊತೆ ಸಮುದ್ರ ಸೇರ್ತದೆ. ಕಡಲು ಉಬ್ಬರದಲ್ಲಿದ್ದಾಗ ದೊಡ್ಡ ಮಳೆ ಬಂದರೆ ಹೊಳೆಯ ನೀರೇ ಬೇಗ ಇಳಿಯುವುದಿಲ್ಲ, ತೋಡು ತುಂಬಿ ನಿಲ್ತದೆ. ಅದರ ಮೇಲೆ ನಮ್ಮ ಚೀಲಗಳು. 2018ರ ಮೇ 29 ನೆನಪುಂಟಲ್ಲ? ಕೊಟ್ಟಾರ ಚೌಕಿಯೇ ಕೆರೆಯಾಗಿತ್ತು.

ಇನ್ನೊಂದು ವಿಷಯ. ಗಾಡಿಗೆ ಕೊಟ್ಟರೆ ನಮ್ಮ ಕೆಲಸ ಮುಗಿಯಿತು ಅಂತ ತಿಳಿಯುವುದು ಬೇಡ. ಊರಿನ ಕಸ ಹೋಗುವುದು ಪಚ್ಚನಾಡಿಗೆ. 2019ರ ಆಗಸ್ಟ್‌ನ ಮಳೆಗೆ ಅಲ್ಲಿನ ಕಸದ ಗುಡ್ಡ ಜರಿದು ಪಕ್ಕದ ಮಂದಾರ ಎಂಬಲ್ಲಿನ ಮನೆಗಳು, ತೆಂಗು ಕಂಗಿನ ತೋಟಗಳು ಹೂತುಹೋದವು. ನಾನು ಹೋಗಿ ನೋಡಿ ಬಂದವ. ಒಂದು ಕಂಗಿನ ತುದಿ ಮಾತ್ರ ಕಾಣ್ತಿತ್ತು, ಅದರಲ್ಲಿ ಅಡಿಕೆ ಗೊನೆ ಇನ್ನೂ ಹಸಿರಿತ್ತು. ಅಲ್ಲಿ ಬಿದ್ದದ್ದರಲ್ಲಿ ನಮ್ಮ ಮನೆಯ ಕಸವೂ ಉಂಟು ಅಂತ ಆ ದಿನ ಅನ್ನಿಸಿದ್ದು ಇವತ್ತಿಗೂ ಹೋಗಿಲ್ಲ. ಅಂದಿನಿಂದ ನಮ್ಮ ಹಸಿಕಸ ಗೇಟು ದಾಟಿಲ್ಲ.

ನಾನು 27ಕ್ಕೆ ಬರ್ತೇನೆ.

ಡಾಕ್ಟ್ರು, ಮೂಲೆ ಮನೆ
9.15

ನಾನೂ ಬರ್ತೇನೆ. ಆದರೆ ದಯವಿಟ್ಟು ಎರಡು ವಿಷಯ ಕೇಳಿ.

ಮಳೆಗಾಲದ ತೋಡಿಗೆ ಬರಿಗಾಲಲ್ಲಿ ಇಳಿಯಬೇಡಿ. ಇಲಿ ಜ್ವರ ಬರುವುದು ಇಲಿಯ ಮೂತ್ರ ಬೆರೆತ ಇಂಥ ನೀರಿನಿಂದಲೇ, ಕಾಲಲ್ಲಿ ಒಂದು ಸಣ್ಣ ಗೀರು ಇದ್ದರೂ ಸಾಕು. ಗಂಬೂಟು, ರಬ್ಬರ್ ಕೈಗವಸು ಇಲ್ಲದವರು ದಡದಲ್ಲೇ ನಿಂತು ಗೋಣಿ ಹಿಡಿಯಲಿ. ನೀರಿನ ಸೆಳೆತ ಇದ್ದರೆ ಯಾರೂ ಇಳಿಯುವುದೇ ಬೇಡ, ದೋಟಿಯಲ್ಲಿ ಎಳೆದಷ್ಟು ಸಾಕು. ಮಾಡಿದ ಮೇಲೆ ಯಾರಿಗಾದರೂ ಜ್ವರ, ಮೈಕೈ ನೋವು ಬಂದರೆ ತೋಡಿಗೆ ಇಳಿದದ್ದನ್ನು ವೈದ್ಯರಿಗೆ ಹೇಳಲೇಬೇಕು.

ಎರಡನೆಯದು ಡೆಂಗಿ. ಆ ಸೊಳ್ಳೆ ಇರುವುದು ತೋಡಿನ ಕೊಳಕು ನೀರಲ್ಲಿ ಅಂತ ಹಲವರು ತಿಳಿದಿದ್ದಾರೆ. ಹಾಗಲ್ಲ. ಅದಕ್ಕೆ ಬೇಕಾದ್ದು ನಿಂತ ತಿಳಿ ನೀರು. ತೋಡಿನ ದಂಡೆಯಲ್ಲಿ ಬಿದ್ದ ಒಂದು ಲೋಟ, ಒಂದು ಬೊಂಡದ ಚಿಪ್ಪು, ಟೆರೇಸಿನ ಹಳೇ ಟಯರು ಸಾಕು. ಮೊಟ್ಟೆ ಸೊಳ್ಳೆಯಾಗಲಿಕ್ಕೆ ಒಂದು ವಾರ, ಹತ್ತು ದಿನ. ಹಾಗಾಗಿ ವಾರಕ್ಕೊಮ್ಮೆ ಕವುಚಿ ಹಾಕಿದರೆ ಅದು ಬೆಳೆಯುವುದಿಲ್ಲ. 2019ರಲ್ಲಿ ನಮ್ಮ ಊರು ಡೆಂಗಿಯಲ್ಲಿ ಪಟ್ಟ ಪಾಡು ಇನ್ನೊಮ್ಮೆ ಬೇಡ.

ಬಾವಿಕಟ್ಟೆ ಮನೆ
11.20

ಊಟದ ವಿಷಯಕ್ಕೆ ಬರ್ತೇನೆ. ಬಿಸಾಡುವ ಸಾಮಾನು ಬೇಡ, ಸ್ಟೀಲ್ ಬಟ್ಟಲು, ಲೋಟ ಆಗಲಿ ಅಂತ ಹೇಳುವುದು ಸುಲಭ. ತೊಳೆಯುವವರು ಯಾರು? ಕಳೆದ ಸಲ ಪತ್ರೊಡೆ ಮಾಡಲಿಕ್ಕೆ ನಾವು ಐದು ಜನ ಬೆಳಗಿನ ಜಾವ ನಾಲ್ಕಕ್ಕೆ ಎದ್ದದ್ದು. ತಿಮರೆ (ಒಂದೆಲಗ) ಚಟ್ನಿ ಅರೆದದ್ದು ನಾವು, ತಜಂಕ್ (ಚಗಟೆ) ಸೊಪ್ಪು ಬಿಡಿಸಿದ್ದು ನಾವು. ಗಂಡಸರು ಚೆನ್ನೆಮಣೆ ಆಡಿದರು, ಮನೆಗೆ ಹೋದರು. ಪರಿಸರ ಉಳಿಸುವ ಕೆಲಸವೂ ಹೆಂಗಸರ ಸೊಂಟಕ್ಕೇ ಬರುವುದಾದರೆ ನಾನು ಒಪ್ಪುವುದಿಲ್ಲ. ಕೋಪದಲ್ಲಿ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು.

ಗೇಟಿನ ಹತ್ತಿರದ ಮನೆ
11.42

ಅಕ್ಕ, ತೊಳೆಯುವುದು ನಾವು ಗಂಡಸರೇ. ಪಟ್ಟಿ ಮಾಡಿ ಇಲ್ಲಿಯೇ ಹಾಕ್ತೇನೆ, ಒಂದು ಸರದಿಗೆ ನಾಲ್ಕು ಜನ. ಮೊದಲ ಹೆಸರು ನನ್ನದು. ಭಜನಾ ಮಂದಿರದ ಅಟ್ಟದಲ್ಲಿ ಸ್ಟೀಲ್ ಬಟ್ಟಲು, ಲೋಟ ಉಂಟು, ಕೇಳಿದರೆ ಕೊಡ್ತಾರೆ. ಊಟ ಬಾಳೆ ಎಲೆಯಲ್ಲಿ ಆಗಲಿ, ಎಲೆ ದನದ ಹಟ್ಟಿ ಇರುವವರಿಗೆ ಹೋಗಲಿ. ಅಡಿಕೆ ಹಾಳೆ ತಟ್ಟೆಯೂ ಆಗ್ತದೆ, ಆದರೆ ಅದನ್ನೂ ಚೀಲದಲ್ಲಿ ಕಟ್ಟಿ ಬಿಸಾಡಿದರೆ ಎಂತ ಪ್ರಯೋಜನ?

ಪ್ಲಾಸ್ಟಿಕ್ ಚಮಚ, ತಟ್ಟೆ, ಸ್ಟ್ರಾ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ, ಹಾಗಾಗಿ ಆ ಮಾತೇ ಬೇಡ. ಬ್ಯಾನರ್ ಕೂಡ ಫ್ಲೆಕ್ಸ್ ಬೇಡ, ಬಟ್ಟೆಯ ಮೇಲೆ ಮಕ್ಕಳು ಬರೆಯಲಿ. ಮತ್ತೆ, ನಾವು ನೂರು ಜನಕ್ಕಿಂತ ಹೆಚ್ಚು ಸೇರ್ತೇವೆ. ಘನತ್ಯಾಜ್ಯ ನಿಯಮದ ಪ್ರಕಾರ ಅಷ್ಟು ಜನ ಸೇರುವುದಾದರೆ ಮೂರು ಕೆಲಸದ ದಿನ ಮೊದಲೇ ಸ್ಥಳೀಯಾಡಳಿತಕ್ಕೆ ತಿಳಿಸಬೇಕು, ಕಸ ಅಲ್ಲಿಯೇ ಬೇರೆ ಬೇರೆ ಮಾಡಬೇಕು. 29ರ ಮಂಗಳವಾರದ ಒಳಗೆ ಪತ್ರ ನಾನು ಕೊಟ್ಟು ಬರ್ತೇನೆ.

ಫ್ಲ್ಯಾಟ್, ಮೂರನೇ ಮಹಡಿ
ರಾತ್ರಿ 9.05

ಮಾಸ್ಟ್ರೇ, ಹಸಿಕಸ ಗೇಟು ದಾಟಿಲ್ಲ ಅಂದಿರಲ್ಲ, ಬಾಲ್ಕನಿಯಲ್ಲಿ ಆಗ್ತದಾ? ಒಮ್ಮೆ ಬಕೆಟಿನಲ್ಲಿ ಮಾಡಿ ನೋಡಿದ್ದೆ. ಹತ್ತೇ ದಿನಕ್ಕೆ ವಾಸನೆ, ಹುಳ. ಅತ್ತೆಯವರು ಬೈದು ಬಿಸಾಡಿದರು.

ನಿವೃತ್ತ ಮಾಸ್ಟ್ರು, ಎರಡನೇ ಅಡ್ಡರಸ್ತೆ
9.30

ಆಗ್ತದೆ ಮಗಾ. ವಾಸನೆ ಬಂದದ್ದು ಗಾಳಿ ಇಲ್ಲದೆ, ನೀರು ಹೆಚ್ಚಾಗಿ. ಬಕೆಟ್ ಬೇಡ, ಬದಿಯಲ್ಲಿ ತೂತು ಇರುವ ಮಣ್ಣಿನ ಮಡಕೆ ಬೇಕು. ನಮ್ಮ ಮಳೆಗಾಲದಲ್ಲಿ ಗಾಳಿಯಲ್ಲೇ ನೀರು ಇರ್ತದೆ, ಆದ್ದರಿಂದ ಒಂದು ಹಿಡಿ ತರಕಾರಿ ಸಿಪ್ಪೆಗೆ ಎರಡು ಹಿಡಿ ಒಣ ಎಲೆ ಇಲ್ಲವೇ ತೆಂಗಿನ ನಾರಿನ ಹುಡಿ ಹಾಕಬೇಕು. ಎಲೆಯನ್ನು ಬೇಸಿಗೆಯಲ್ಲೇ ಗೋಣಿಯಲ್ಲಿ ತುಂಬಿ ಇಡುವುದು. ಮೊದಲ ದಿನ ಒಂದು ಲೋಟ ಹುಳಿ ಮಜ್ಜಿಗೆ ಚಿಮುಕಿಸಿ. ಎರಡು ದಿನಕ್ಕೊಮ್ಮೆ ಕೋಲಿನಲ್ಲಿ ಅಡಿಮೇಲು ಮಾಡಿ. ಕೈಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಹುಡಿಹುಡಿಯಾಗಿಯೂ ಇರಬಾರದು, ಅದೇ ಹದ. ಬಿಳಿ ಹುಳ ಕಂಡರೆ ಹೆದರಬೇಡಿ, ಅವು ಕಸ ತಿನ್ನುವ ಹುಳ, ಎಲೆ ಹೆಚ್ಚು ಹಾಕಿದರೆ ಕಡಿಮೆಯಾಗ್ತವೆ. ಎಲೆ ನನ್ನಲ್ಲಿ ಆರು ಗೋಣಿ ಉಂಟು, ಎರಡು ನಿಮಗೆ.

ಮೀನಿನದ್ದು ಮಾತ್ರ ಮಡಕೆಗೆ ಬೇಡ. ಆಗಸ್ಟ್ 1ಕ್ಕೆ ಬೋಟುಗಳು ಕಡಲಿಗೆ ಇಳಿದರೆ ಮತ್ತೆ ದಿನಾ ಮೀನು. ಅದಕ್ಕೆ ಎಂತ ಮಾಡುವ ಅಂತ ಹಿತ್ತಿಲಿರುವವರು ಹೇಳಬೇಕು.

ತೋಡಿನ ಬದಿ ಮನೆ
9.38

ಮೀನಿನದ್ದು ನನಗೆ ಕೊಡಿ. ಎಂಟು ತೆಂಗು ಉಂಟು, ಬುಡ ಬಿಡಿಸಿಯೇ ಇರ್ತದೆ. ಮುಚ್ಚಳದ ಒಂದು ಡಬ್ಬಿ ಗೇಟಿನ ಒಳಗೆ ಇಡ್ತೇನೆ, ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಹಾಕಿ ಹೋಗಿ. ಬೆಲ್ ಒತ್ತುವುದು ಬೇಡ. ಬದಲಿಗೆ ಕಾಯಿ ಕೊಡ್ತೇನೆ, ಬೇಡ ಅನ್ನಬಾರದು.

ಗೇಟಿನ ಹತ್ತಿರದ ಮನೆ
ಜುಲೈ 27, ಮಧ್ಯಾಹ್ನ 1.15

ಬಂದವರಿಗೆಲ್ಲ ಧನ್ಯವಾದ. ಒಟ್ಟು ಹದಿನೇಳು ಗೋಣಿ. ಒಣಕಸ ತೊಳೆದು ಶೆಡ್ಡಿನಲ್ಲಿ ಹರಡಿದ್ದೇವೆ, ಶುಕ್ರವಾರದ ಗಾಡಿಗೆ. ಡೈಪರ್, ಒಡೆದ ಟ್ಯೂಬ್‌ಲೈಟ್ ಬೇರೆ ಇಟ್ಟಿದ್ದೇವೆ. ಅಶ್ವತ್ಥಕಟ್ಟೆಯ ಹತ್ತಿರ ಮಣ್ಣು ಜರಿದು ತೋಡು ಅರ್ಧ ಮುಚ್ಚಿದೆ, ಅದು ನಮ್ಮ ಕೈಯಲ್ಲಾಗುವ ಕೆಲಸ ಅಲ್ಲ. ಫೋಟೋ ಸಮೇತ ಅರ್ಜಿ ಬರೆದಿದ್ದೇನೆ, ಸಂಜೆ ಎಲ್ಲರೂ ಬಂದು ಸಹಿ ಹಾಕಿ.

ತೋಡಿನ ಬದಿ ಮನೆ
ಜುಲೈ 28, ಬೆಳಿಗ್ಗೆ 6.20

ರಾತ್ರಿ ಎರಡು ಗಂಟೆಗೆ ದೊಡ್ಡ ಮಳೆ ಬಂತು. ಎದ್ದು ಕಿಟಕಿ ತೆರೆದೆ. ನೀರು ಹರಿಯುವ ಸದ್ದೇ ಇತ್ತು. ಮಲಗಿದೆ.

ಡಬ್ಬಿ ಇಟ್ಟಾಗಿದೆ. ಪಾತ್ರೆ ತೊಳೆಯುವ ಪಟ್ಟಿಯಲ್ಲಿ ಮೂರನೇ ಸರದಿಗೆ ಇನ್ನೂ ಎರಡು ಹೆಸರು ಬೇಕು.