‘ಪ್ರೆಷಸ್ ಬೇನ್’ ಓದೋದು ನಿಂತುಹೋಗಿದೆ, ಬಿಟ್ಟುಬಿಡಲಾ?

ಪ್ರಶ್ನೆ: ಮೇರಿ ವೆಬ್ ಅವರ ‘ಪ್ರೆಷಸ್ ಬೇನ್’ (1924) ಹಿಡಿದಿದ್ದೇನೆ. ಇಂಗ್ಲೆಂಡಿನ ಶ್ರಾಪ್‌ಶೈರ್, ಕೆರೆ ಪಕ್ಕದ ಒಂಟಿ ಮನೆ, ದುಡ್ಡಿನ ಹುಚ್ಚಿನ ಅಣ್ಣ ಗಿಡಿಯನ್, ಸೀಳುತುಟಿಯ ತಂಗಿ ಪ್ರೂ. ಆ ಹಳ್ಳಿ ಇಂಗ್ಲಿಷಿಗೆ ಮೂರು ಪುಟಕ್ಕೇ ನಿದ್ದೆ ಬರುತ್ತೆ. ಓದಿದವರು ಹೇಳಿ.

— ನಾನೂ ಎರಡು ಸಲ ಬಿಟ್ಟವಳೇ. ಮೂರನೇ ಸಲ ಡಿಕ್ಷನರಿ ಮುಚ್ಚಿಟ್ಟು ಗಟ್ಟಿಯಾಗಿ ಓದಿದೆ. ವಯಸ್ಸಾದ ಪ್ರೂ ತನ್ನ ಕಥೆ ತಾನೇ ಹೇಳುತ್ತಾಳಲ್ವಾ, ಕಿವಿಗೆ ಬಿದ್ದರೆ ಅರ್ಧ ಪದ ತಾವಾಗೇ ಗೊತ್ತಾಗುತ್ತವೆ. ಅಪ್ಪನ ಮಣ್ಣಿನವರೆಗಾದರೂ ಹೋಗಿ. ಸತ್ತವರ ಪಾಪವನ್ನು ಯಾರಾದರೂ ಬಡವ ಹೊತ್ತುಕೊಳ್ಳುವುದು ಅಲ್ಲಿನ ಪದ್ಧತಿ. ಶವಪೆಟ್ಟಿಗೆಯ ಮೇಲಿಂದ ಕೊಟ್ಟ ರೊಟ್ಟಿ ತಿಂದು, ವೈನ್ ಕುಡಿದರೆ ಆಯಿತು. ಇಲ್ಲಿ ಮಗನೇ ಮುಂದೆ ಬರುತ್ತಾನೆ. ಸುಮ್ನೆ ಅಲ್ಲ, ಜಮೀನು ನನಗೆ ಕೊಡು ಅಂತ ಅಮ್ಮನ ಹತ್ತಿರ ಮಾತು ತಗೊಂಡು! ಆಮೇಲೆ ತಂಗಿಯನ್ನೂ ದುಡಿಮೆಗೆ ಕಟ್ಟಿಹಾಕುತ್ತಾನೆ. ದುಡ್ಡಾದ ಮೇಲೆ ನಿನ್ನ ತುಟಿ ಸರಿ ಮಾಡಿಸ್ತೀನಿ ಅನ್ನೋದು ಅವಳಿಗೆ ತೋರಿಸಿದ ಆಸೆ. ಆ ಮನೆ ಯಾಕೆ ಹಾಳಾಯಿತು ಅನ್ನೋದು ಅಲ್ಲೇ ಗೊತ್ತಾಗುತ್ತೆ.

— ನನಗೆ ಕಾಡಿದ್ದು ಅಮ್ಮ. ಬಸುರಿಯಾಗಿದ್ದಾಗ ಮೊಲ ಅಡ್ಡ ಬಂತು, ನಾನೇನು ಮಾಡಲಿ ಅಂತ ಪಾಪ, ಅದನ್ನೇ ಹೇಳುತ್ತಿರುತ್ತಾಳೆ. ನಮ್ಮ ಕಡೆ ಇದೇ ತುಟಿಗೆ ಗ್ರಹಣದ ಕಾರಣ ಕೊಡುತ್ತಾರೆ. ಬೈಗುಳ ಮಾತ್ರ ಎರಡೂ ಕಡೆ ತಾಯಿಗೇ.

— ನನ್ನದು ಬೇರೆ ಅನುಭವ. ಮೊದಲು ಸ್ಟೆಲ್ಲಾ ಗಿಬನ್ಸ್ ಅವರ ‘ಕೋಲ್ಡ್ ಕಂಫರ್ಟ್ ಫಾರ್ಮ್’ (1932) ಓದಿದ್ದೆ. ಇಂಥ ಹಳ್ಳಿ ಗೋಳಿನ ಕಾದಂಬರಿಗಳನ್ನೇ ಗೇಲಿ ಮಾಡುವ ಪುಸ್ತಕ ಅದು. ಆಮೇಲೆ ವೆಬ್ ಹಿಡಿದರೆ ಅಳುವ ಕಡೆಯೆಲ್ಲ ನಗು! ನೀವು ಆ ತಪ್ಪು ಮಾಡಬೇಡಿ. ಪ್ರಕೃತಿ ವರ್ಣನೆಯೂ ಜಾಸ್ತಿಯೇ, ನಾನು ಕೆಲವು ಪುಟ ಹಾರಿಸಿದೆ.

— ಹಾರಿಸಬೇಡಿ ಮಾರಾಯ್ರೆ, ಆ ಕೆರೆಯೇ ಅರ್ಧ ಕಥೆ. ಇನ್ನೊಂದು, ವೆಬ್‌ಗೆ ಗ್ರೇವ್ಸ್ ಅನ್ನೋ ಥೈರಾಯ್ಡ್ ಕಾಯಿಲೆ ಇತ್ತು, ಮುಖದ ಮೇಲೂ ಅದರ ಗುರುತು ಇತ್ತು. ಜನ ತನ್ನ ತುಟಿಯನ್ನೇ ನೋಡುವುದನ್ನು ಪ್ರೂ ಹೇಳುವಾಗ ಇದು ನೆನಪಿರಲಿ. ವೆಬ್ 1927ರಲ್ಲಿ ತೀರಿಕೊಂಡರು. ಮರುವರ್ಷ ಪ್ರಧಾನಿ ಬಾಲ್ಡ್ವಿನ್ ಸಭೆಯೊಂದರಲ್ಲಿ ಹೊಗಳಿದ ಮೇಲೆ ಪುಸ್ತಕಗಳು ಸಿಕ್ಕಾಪಟ್ಟೆ ಮಾರಾಟವಾದವು. ನೋಡಲು ಅವರೇ ಇರಲಿಲ್ಲ. ಕಾಪಿರೈಟ್ ಮುಗಿದಿದೆ, ನೆಟ್‌ನಲ್ಲಿ ಬಿಟ್ಟಿ ಸಿಗುತ್ತೆ.

— ಕೇಳಿದವಳು ನಾನೇ. ನಿನ್ನೆ ರಾತ್ರಿ ಗಟ್ಟಿಯಾಗಿ ಓದಿದೆ. ಯಾರ ಜೊತೆ ಫೋನಿನಲ್ಲಿ ಜಗಳ ಅಂತ ಅತ್ತೆ ಬಂದು ನೋಡಿ ಹೋದರು. ಗಿಡಿಯನ್ ವೈನ್ ಕುಡಿದಾಯಿತು. ಕೊನೆ ಮಾತ್ರ ಯಾರೂ ಹೇಳಬೇಡಿ.