ಆಲ್ಜಿನೇಟ್ ಅಳತೆ ಬಸ್ಸಿಗೆ ಹಾಕಿದರೆ ಕ್ಯಾಪ್ ಕೂರುತ್ತಿಲ್ಲ, ಏನು ಮಾಡಲಿ?

ಮಲೆನಾಡ_ಡೆಂಟಿಸ್ಟ್:
ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರ ಕ್ಲಿನಿಕ್ ಶುರು ಮಾಡಿ ಎಂಟು ತಿಂಗಳಾಯಿತು. ನಾನು ಕೆಲಸ ಕೊಡುವ ಲ್ಯಾಬ್ ಹುಬ್ಬಳ್ಳಿಯಲ್ಲಿದೆ. ಕ್ಯಾಪ್‌ಗೆ ಹಲ್ಲು ತಿದ್ದಿ, ಆಲ್ಜಿನೇಟ್‌ನಲ್ಲಿ (ನೀರಲ್ಲಿ ಕಲಸಿ ಹಲ್ಲಿನ ಅಚ್ಚು ತೆಗೆಯುವ ಪುಡಿ) ಅಳತೆ ತೆಗೆದು, ಒದ್ದೆ ಹತ್ತಿ ಸುತ್ತಿ, ಕವರ್‌ಗೆ ಹಾಕಿ ಸಂಜೆ ಬಸ್ಸಿಗೆ ಕೊಡುತ್ತೇನೆ. ಲ್ಯಾಬಿನವರು ಮಾರನೇ ದಿನ ಬೆಳಿಗ್ಗೆ ಅದರೊಳಗೆ ಸ್ಟೋನ್ (ಹಲ್ಲಿನ ಮಾಡೆಲ್ ಮಾಡುವ ಜಿಪ್ಸಂ) ಹಾಕುತ್ತಾರೆ. ಹೋದ ತಿಂಗಳು ಬಂದ ಆರು ಕ್ಯಾಪ್‌ಗಳಲ್ಲಿ ಮೂರು ಕೂರಲೇ ಇಲ್ಲ. ಒಂದರಲ್ಲಂತೂ ಒಸಡಿನ ಹತ್ತಿರ ಪ್ರೋಬ್ ತುದಿ ಒಳಗೆ ಹೋಗುವಷ್ಟು ಸಂದಿ. ಆ ಅಜ್ಜ ಬನವಾಸಿ ಕಡೆಯಿಂದ ಮೂರು ಸಲ ಬಂದು ಹೋದರು, ನನಗೆ ತುಂಬಾ ಬೇಜಾರಾಯಿತು. ತಪ್ಪು ಎಲ್ಲಿದೆ? ಅಳತೆ ತೆಗೆಯುವ ಸಿಲಿಕೋನ್ ದುಬಾರಿ, ಎಲ್ಲದಕ್ಕೂ ಅದೇ ಬೇಕಾ?

ಪ್ರಾಸ್ಥೋ_ಮೇಡಂ:
ಡಾಕ್ಟರೇ, ಆ ಒಂದು ರಾತ್ರಿಯಲ್ಲೇ ಅಳತೆ ಕೆಟ್ಟಿರುತ್ತದೆ. ಆಲ್ಜಿನೇಟ್ ಕಡಲಪಾಚಿಯಿಂದ ಬಂದ ಪದಾರ್ಥ, ಗಟ್ಟಿಯಾದ ಮೇಲೂ ಅದರಲ್ಲಿ ಜಾಸ್ತಿ ಇರುವುದು ನೀರೇ. ಗಾಳಿಗೆ ಇಟ್ಟರೆ ನೀರು ಬಿಟ್ಟು ಕುಗ್ಗುತ್ತದೆ, ನೀರು ತಾಗಿದರೆ ಹೀರಿಕೊಂಡು ಉಬ್ಬುತ್ತದೆ. ನಿಮ್ಮ ಒದ್ದೆ ಹತ್ತಿ ಒಂದು ಕಡೆ ಉಬ್ಬಿಸುತ್ತದೆ, ಹತ್ತಿ ತಾಗದ ಕಡೆ ಅದು ಕುಗ್ಗುತ್ತದೆ. ಬಾಯಿಂದ ತೆಗೆದ 10-15 ನಿಮಿಷದೊಳಗೆ ಸ್ಟೋನ್ ಹಾಕಬೇಕು. ಅದಕ್ಕೇ ನಿಮ್ಮ ಕ್ಲಿನಿಕ್‌ನಲ್ಲೇ ಹಾಕಿ, ಗಟ್ಟಿಯಾದ ಮಾಡೆಲ್ ಅನ್ನು ಬಸ್ಸಿಗೆ ಕೊಡಿ.

ಆದರೆ ಕ್ಯಾಪ್ ಮತ್ತು ಬ್ರಿಡ್ಜ್‌ಗೆ ಆಲ್ಜಿನೇಟ್ ಬೇಡವೇ ಬೇಡ, ಮಾರ್ಜಿನ್‌ನ (ತಿದ್ದಿದ ಹಲ್ಲಿನ ಮೇಲೆ ಕ್ಯಾಪ್ ಮುಗಿಯುವ ಅಂಚು) ಸಣ್ಣ ಗೆರೆ ಅದರಲ್ಲಿ ಅಷ್ಟು ಚೆನ್ನಾಗಿ ಬರುವುದಿಲ್ಲ. ಅಲ್ಲಿ ಅಡಿಷನ್ ಸಿಲಿಕೋನ್‌ಗೆ ದುಡ್ಡು ಹಾಕಿ. ಅದರ ಪುಟ್ಟಿ (ಹಿಟ್ಟಿನಂತೆ ಕಲಸುವ ದಪ್ಪನೆಯದು), ಲೈಟ್ ಬಾಡಿಯಲ್ಲಿ (ತೆಳ್ಳಗೆ ಹರಿಯುವುದು) ತೆಗೆದ ಅಳತೆ ಎರಡು ದಿನ ಬಿಟ್ಟು ಹುಬ್ಬಳ್ಳಿಗೆ ತಲುಪಿದರೂ ಅಳತೆ ಅಳತೆಯಾಗಿಯೇ ಇರುತ್ತದೆ. ಕಂಡೆನ್ಸೇಷನ್ ಸಿಲಿಕೋನ್ ಅಗ್ಗ ಅಂತ ಅದನ್ನು ತರಬೇಡಿ. ಗಟ್ಟಿಯಾಗುವಾಗ ಅದರಿಂದ ಆಲ್ಕೋಹಾಲ್ ಹೊರಗೆ ಹೋಗುತ್ತದೆ, ಹಾಗಾಗಿ ಅದೂ ಕುಗ್ಗುತ್ತದೆ. ಹಲ್ಲು ನೋಡಿ ಚಿಕಿತ್ಸೆ ಯೋಚಿಸುವ ಸ್ಟಡಿ ಮಾಡೆಲ್, ತೆಗೆದು ಹಾಕುವ ಹಲ್ಲುಸೆಟ್ಟಿನ ಮೊದಲ ಅಳತೆ, ಮಕ್ಕಳ ಕ್ಲಿಪ್ಪಿನ ಕೆಲಸ, ಇದಕ್ಕೆಲ್ಲ ಆಲ್ಜಿನೇಟ್ ಸಾಕು.

ಲ್ಯಾಬ್_ಕೆಲಸಗಾರ:
ಇಪ್ಪತ್ತು ವರ್ಷದಿಂದ ಮಾಡೆಲ್ ಹಾಕುತ್ತಿದ್ದೇನೆ ಸಾರ್, ಎರಡು ಮಾತು ಹೇಳುತ್ತೇನೆ. ಅಳತೆಯನ್ನು ನಲ್ಲಿ ಕೆಳಗೆ ತೊಳೆದು, ಲಾಲಾರಸ, ರಕ್ತ ಎಲ್ಲ ಹೋದ ಮೇಲೆ ನೀರು ಕೊಡವಿ, ಮೇಲ್ಮೈ ಮಿರುಗುವುದು ನಿಂತ ಮೇಲೆ ಸ್ಟೋನ್ ಹಾಕಿ. ಒಂದು ಮೂಲೆಯಿಂದ ಸ್ವಲ್ಪ ಸ್ವಲ್ಪವಾಗಿ ಬಿಡಿ, ವೈಬ್ರೇಟರ್ ಇಲ್ಲದಿದ್ದರೆ ಟ್ರೇಯನ್ನು ಮೇಜಿನ ಅಂಚಿಗೆ ತಟ್ಟಿ, ಹಲ್ಲಿನ ಗುಳಿಯೊಳಗೆ ಅದು ಹರಿದು ಹೋಗುವುದು ಕಣ್ಣಿಗೆ ಕಾಣಬೇಕು. ಒಂದು ಗಂಟೆಯಲ್ಲಿ ಮಾಡೆಲನ್ನು ಅಳತೆಯಿಂದ ಬಿಡಿಸಿಬಿಡಿ. ಹಾಗೇ ರಾತ್ರಿಯಿಡೀ ಬಿಟ್ಟರೆ ಒಣಗಿದ ಆಲ್ಜಿನೇಟ್ ಸ್ಟೋನ್‌ನ ಮುಖವನ್ನೇ ಕೆಡಿಸುತ್ತದೆ, ಬೆರಳಾಡಿಸಿದರೆ ಸುಣ್ಣದ ಪುಡಿಯಂತೆ ಅಂಟುತ್ತದೆ.

ಇನ್ನೊಂದು, ಬೇಸಿಗೆಯಲ್ಲಿ ಟ್ಯಾಂಕ್‌ನ ಬಿಸಿ ನೀರಲ್ಲಿ ಕಲಸಬೇಡಿ, ಟ್ರೇ ಬಾಯಿಗೆ ಹೋಗುವ ಮುಂಚೆಯೇ ಗಟ್ಟಿಯಾಗುತ್ತದೆ. ಮಡಕೆ ನೀರು ಬಳಸಿ.

ಮಲೆನಾಡ_ಡೆಂಟಿಸ್ಟ್:
ತುಂಬಾ ಉಪಕಾರವಾಯಿತು. ಒಂದು ಸಂಶಯ. ಒಮ್ಮೆ ಅಡಿಷನ್ ಸಿಲಿಕೋನ್ ತಂದು ನೋಡಿದ್ದೆ, ಪುಟ್ಟಿ ಹತ್ತು ನಿಮಿಷ ಕಳೆದರೂ ಅಂಟಂಟಾಗಿಯೇ ಇತ್ತು. ಹಳೇ ಮಾಲು ಅಂತ ಬಿಟ್ಟುಬಿಟ್ಟೆ.

ಪ್ರಾಸ್ಥೋ_ಮೇಡಂ:
ಲೇಟೆಕ್ಸ್ ಗ್ಲೌಸ್ ಹಾಕಿಕೊಂಡು ಕಲಸಿದಿರಾ? ಆ ಗ್ಲೌಸಿನಲ್ಲಿರುವ ಗಂಧಕ ಸಿಲಿಕೋನ್ ಗಟ್ಟಿಯಾಗುವುದನ್ನೇ ತಡೆಯುತ್ತದೆ. ವಿನೈಲ್ ಗ್ಲೌಸ್ ಹಾಕಿಕೊಳ್ಳಿ, ಲೇಟೆಕ್ಸ್ ಕೈಯಲ್ಲಿ ಮುಟ್ಟಿದ ಹಲ್ಲನ್ನೂ ಚೆನ್ನಾಗಿ ತೊಳೆದು ಒಣಗಿಸಿ. ಒದ್ದೆ ಇದ್ದಲ್ಲಿ ಲೈಟ್ ಬಾಡಿ ಹರಿಯುವುದಿಲ್ಲ, ಹಾಗಾಗಿ ಒಸಡಿಗೆ ಕಾರ್ಡ್ (ಒಸಡನ್ನು ಹಲ್ಲಿನಿಂದ ಸರಿಸುವ ದಾರ) ಇಟ್ಟು, ರಕ್ತ ನಿಂತ ಮೇಲೆಯೇ ಶುರು ಮಾಡಿ. ಪಾಲಿಈಥರ್ ಅನ್ನುವ ಇನ್ನೊಂದು ಅಳತೆ ಪದಾರ್ಥ ಸ್ವಲ್ಪ ತೇವ ಸಹಿಸುತ್ತದೆ ನಿಜ, ಆದರೆ ಬಹಳ ಬಿಗಿ, ಅಲ್ಲಾಡುವ ಹಲ್ಲಿದ್ದವರ ಬಾಯಿಂದ ತೆಗೆಯುವಾಗ ನನಗೆ ಈಗಲೂ ಭಯ.

ಮಲೆನಾಡ_ಡೆಂಟಿಸ್ಟ್:
ಹೌದು ಮೇಡಂ, ಲೇಟೆಕ್ಸೇ! ಅಜ್ಜನಿಗೆ ಸೋಮವಾರ ಬರಲು ಹೇಳಿದ್ದೇನೆ, ಈ ಸಲ ವಿನೈಲ್ ಗ್ಲೌಸಲ್ಲಿ ಹೊಸ ಅಳತೆ ತೆಗೆಯುತ್ತೇನೆ, ದುಡ್ಡು ತಗೊಳ್ಳುವುದಿಲ್ಲ.